ಕಸದ ನಡುವಿನ ಓಣಿ

"ಕಸ ಎತ್ತಿ ಎತ್ತಿ ಇವನ ತಲೆಯೊಳಗೂ ಅದೇ ತುಂಬ್ಕೊಂಡಿದೆ!" ಅಂತ ಮನೆ ಯಜಮಾನ, ಬೀದಿಯವರೆಲ್ಲ ಗೇಟಿನ ಹತ್ತಿರ ನಿಂತು ನೋಡ್ತಿದ್ದಾಗಲೇ ನನಗೆ ಅಂದುಬಿಟ್ಟ. ಜನ ಕಿಸಕ್ಕನೆ ನಕ್ಕರು. ನಾನು ಹೇಳಿದ್ದು ಇಷ್ಟೇ: ತುಂಬಿದ ಚೀಲಗಳನ್ನು ಓಣಿಗೆ ಒಟ್ಟಬೇಡಿ.

ಕಸ ತುಂಬಿದ ಮನೆಯಲ್ಲಿ ಒಬ್ಬರು ಮೈ ಅಡ್ಡ ಮಾಡಿ ನುಸುಳುವಷ್ಟು ದಾರಿ ಇದ್ದೇ ಇರುತ್ತೆ. ಹಾಸಿಗೆಯಿಂದ ಒಲೆಗೆ, ಒಲೆಯಿಂದ ಬಾಗಿಲಿಗೆ. ಅದನ್ನೇ ಇಂಥ ಮನೆ ಖಾಲಿ ಮಾಡೋ ಗ್ಯಾಂಗಿನೋರು ನಾವು ಓಣಿ ಅನ್ನೋದು. ಎರಡು ಬದಿಯೂ ಖಾಲಿಯಾಗೋ ತನಕ ಅದನ್ನು ಮುಚ್ಚೋ ಹಾಗಿಲ್ಲ. ಈ ಮನೆಯಲ್ಲಿ ಹಾಗೆ ಬದುಕಿ ತೀರಿಕೊಂಡವಳು ಯಜಮಾನನ ದೊಡ್ಡಮ್ಮ. ಬಸುರಿ ಹೆಂಡತಿಯನ್ನು ಕರಕೊಂಡು ಬೇಗ ಮನೆ ಸೇರಬೇಕು ಅನ್ನೋ ಆತುರ ಇವನಿಗೆ. ಅವತ್ತು ಅವಳೂ ಬಂದು ಹಿತ್ತಿಲ ಜಗಲಿಯಲ್ಲಿ ಕೂತಿದ್ದಳು. ತಾನೇ ಚೀಲ ಎಳೆದೆಳೆದು ಓಣಿ ಮುಚ್ಚಿದ. ಆಮೇಲೆ ಎಲ್ಲ ಹೊರಗೆ ಸಾಗಿಸಿ, ಮಧ್ಯಾಹ್ನಕ್ಕೆ ಮುಂದಿನ ಹಾಲ್ ಪೂರ್ತಿ ಖಾಲಿ.

ಅಷ್ಟರಲ್ಲಿ ಮಳೆ ಧೋ ಅಂತ ಹಿಡಕೊಂಡಿತು. ಬೀದಿಯವರೂ ನಾವೂ ಎಲ್ಲರೂ ಬಾಗಿಲೆದುರಿನ ಕಾರ್ ಶೆಡ್ಡಿಗೆ ನುಗ್ಗಿದೆವು, ಯಜಮಾನನೂ ಬಂದ. ನನ್ನ ಕೈ ಮುಷ್ಟಿ ಕಟ್ಟಿಕೊಂಡೇ ಇತ್ತು. ನಮ್ಮ ಗ್ಯಾಂಗಿನ ತಾತ ನನ್ನ ಭುಜ ಅದುಮಿ ಕೂರಿಸಿ, ಮಳೆಗಿಂತ ಜೋರಾಗಿ ಶುರುಮಾಡಿದ.

"ಕೇಳ್ರಪ್ಪಾ... ನನ್ನ ಭಾವಮೈದ ಪೇಂಟರ್. ಒಂದ್ಸಲ ಇಂಥದ್ದೇ ಮನೆಗೆ ಬಣ್ಣ ಹೊಡಿಯೋಕೆ ಹೋದ. ಅಲ್ಲಿದ್ದ ಮುದುಕ ಟೈಲರ್ ಸತ್ತಿದ್ದ, ಬೇರೆ ಗ್ಯಾಂಗಿನೋರು ಅವಸರಕ್ಕೆ ಬಿದ್ದು ಓಣಿಗೇ ಚೀಲ ಒಟ್ಟಿ, ಆಮೇಲೆ ಎಲ್ಲಾ ಹೊತ್ತಾಕಿದ್ರು. ಚಿಂದಿ ಬಟ್ಟೆ ಒಂದು ಚೂರೂ ಉಳಿದಿರಲಿಲ್ಲ... ಆದ್ರೆ ಸತ್ತ ಮೇಲೂ ಆ ಟೈಲರ್ ಹೊರಗೆ ಹೋಗಬೇಕಲ್ಲ, ಯಾವ ದಾರೀಲಿ ಹೋಗ್ತಾನೆ ಹೇಳಿ? ಸರಿ, ಟೈಲರ್ ಮಗಳು ಟೀ ತಂದ್ಲು. ಅಷ್ಟಗಲ ಖಾಲಿ ಹಾಲ್, ನೆಟ್ಟಗೆ ಬರಬಾರದಾ? ಇಲ್ಲ. ಹೊಟ್ಟೆ ಎಳಕೊಂಡು, ಭುಜ ತಿರುಗಿಸಿ, ಇಲ್ಲದ್ದನ್ನೆಲ್ಲ ಸುತ್ತು ಹಾಕ್ಕೊಂಡು ಬಂದ್ಲು. 'ಯಾಕಕ್ಕಾ ಹಿಂಗೆ ಬರ್ತೀರಾ?' ಅಂದ್ರೆ, 'ಹೆಂಗೆ?' ಅಂತಾಳೆ! ಅವಳಿಗೇ ಗೊತ್ತಿಲ್ಲ. ಆ ಮನೆ ಹೊಸ್ತಿಲು ಎಂದೂ ತುಳಿಯದ ಅವಳ ಮಗೂನೂ ಅದೇ ತಿರುವಲ್ಲಿ ತಿರುಗಿ ಅದೇ ಥರ ಬಂತು...

ನಮ್ಮೋನು ದೊಡ್ಡ ಧೀರ ನೋಡಿ, ನಕ್ಕೊಂಡು ಏಣಿ ಹೊತ್ತು ನಟ್ಟನಡುವೆ ನಡೆದ. ಭುಜಕ್ಕೆ ಏನೋ ಮೆತ್ತಗೆ ತಾಗ್ತು, ಬಟ್ಟೆ ಗಂಟಿನ ಥರ. ಹಿಂದೆ ಸರ್ರಂತ ಏನೋ ಜಾರಿ ಕುಸಿದ ಸದ್ದು. ತಿರುಗಿದ್ರೆ ಏನೂ ಇಲ್ಲ... ಆಮೇಲೆ ಕಿವಿ ಪಕ್ಕದಲ್ಲೇ ಒಂದು ಕೆಮ್ಮು. 'ಸ್ವಲ್ಪ ದಾರಿ ಬಿಡಪ್ಪಾ.' ಬಿಡ್ತಾನೆ, ಎಲ್ಲಿಗೆ ಬಿಡ್ತಾನೆ? ಆ ಓಣೀಲಿ ಇಬ್ಬರಿಗೆ ಜಾಗ ಎಲ್ಲಿದೆ? ಸಂಜೆ ಅವನನ್ನ ಎಳಕೊಂಡು ಬರೋವಾಗ ಖಾಲಿ ಹಾಲ್ ಮಧ್ಯೆ ಗಾಳಿಗೆ ಬೆನ್ನು ಒತ್ತಿ ನಿಂತಿದ್ನಂತೆ, ಕೈ ಮೈಗೆ ಅಂಟ್ಕೊಂಡು, ಉಸಿರು ಸಿಕ್ಕದೆ..."

"ಸತ್ತನಾ?" ಯಜಮಾನ ಕೇಳಿದ. ನಗುವ ಹಾಗೆ ಕೇಳಿದ, ಆದರೆ ತಾತನ ಹತ್ತಿರಕ್ಕೆ ಸರಿದ.

"ಇಲ್ಲ ಸ್ವಾಮಿ. ಇವತ್ತಿಗೂ ಬಯಲಲ್ಲಿ ಬಿಟ್ಟರೂ ಅಡ್ಡಡ್ಡ ನಡೀತಾನೆ. ಯಾರಿಗೋ ದಾರಿ ಬಿಡ್ತಾನೆ... ಅದೆಲ್ಲ ಇರ್ಲಿ, ನಿಮ್ಮ ಮನೆಯೋರು ಬರ್ತಿದ್ದಾರೆ, ನೋಡಿ."

ತೆರೆದ ಬಾಗಿಲಿನೊಳಗೆ ಎಲ್ಲರೂ ನೋಡಿದೆವು. ಖಾಲಿ ಹಾಲಿನಲ್ಲಿ ಅವನ ಹೆಂಡತಿ ಗಂಡನಿಗೆ ಛತ್ರಿ ಹಿಡಕೊಂಡು ಬರುತ್ತಿದ್ದಳು. ಹೊಟ್ಟೆಗೆ ಕೈ ಅಡ್ಡ ಇಟ್ಟು, ಭುಜ ತಿರುಗಿಸಿ, ಏನನ್ನೋ ಬಳಸಿ ಬಳಸಿ. ನಡುವೆ ಒಮ್ಮೆ ನಿಂತು, ತಲೆ ತಗ್ಗಿಸಿ, ಬದಿಗೆ ಸರಿದಳು.

ಯಜಮಾನ ನನ್ನ ತೋಳು ಹಿಡಕೊಂಡ. "ಅಣ್ಣಾ, ಓಣಿ ಮತ್ತೆ ತೆಗೆಯೋಕೆ ಆಗುತ್ತಾ? ಹೇಳಣ್ಣಾ..."

ಬೀದಿಯವರೆಲ್ಲ ನೋಡ್ತಾನೇ ಇದ್ದರು. ನಾನು ಅವನ ಕೈ ಬಿಡಿಸಿಕೊಂಡು, ಮಳೆಯಲ್ಲೇ ಗೇಟು ದಾಟಿದೆ.