ಮುದ್ದೆ ತಿಂದ ಮೋಟಾರು

ನರಸೀಪುರದ ಹೊಳೆದಂಡೆಯಲ್ಲಿ ದೋಣಿಗೆ ಕಾದಿದ್ದ ಮೊಸರಿನ ಗುರುಸಿದ್ದಮ್ಮನ ಕಿವಿಯೆಲ್ಲ ವಕೀಲರ ಹಳೇ ಮೋಟಾರಿನ ಕಡೆಗೇ ಇತ್ತು. ನಿಂತಲ್ಲೇ ಅದು ಚಳಿಜ್ವರ ಬಂದಂತೆ ನಡುಗುತ್ತಿತ್ತು. ಡ್ರೈವರ್ ಚೆಲುವಯ್ಯ ಎತ್ತಿನಗಾಡಿ ಕೆಂಪಯ್ಯನ ಮುಂದೆ ಗೋಳಾಡುತ್ತಿದ್ದ.

“ಇವತ್ತೂ ನಡುಗಿದ್ರೆ ಇದ ಮಾರಿ ಕುದ್ರೆಗಾಡಿ ತತ್ತೀನಿ ಅಂದವ್ರೆ ಕಣಣ್ಣ ವಕೀಲ್ರು. ನನ್ ಕೆಲ್ಸ ಓಯ್ತು.”

“ಅಲ್ನೋಡ್ಲಾ, ಇಂಜಿನ್ ಕೊಳವೆ ಸಂದೀಲಿ ಸುಯ್ ಅಂತ ಗಾಳಿ ಎಳೀತಾ ಅದೆ, ಅದ್ಕೇ ಈ ನಡುಕ. ತಕೋ, ನನ್ ಬುತ್ತಿ ಮುದ್ದೆ ಮೆತ್ತು.”

“ಮುದ್ದೆಯಾ?”

“ಕಡುಬಿನ ಮಡಕೇಲಿ ಆವಿ ಓಗ್ದಂಗೆ ನಿನ್ನೆಂಡ್ತಿ ಹಿಟ್ಟು ಮೆತ್ತಾಕಿಲ್ವಾ?”

ಚೆಲುವಯ್ಯ ಮೆತ್ತಿದ. ನಡುಕ ನಿಂತಿತು.

ಸ್ನಾನ ಮುಗಿಸಿ ಬಂದ ವಕೀಲರು ಹತ್ತಿ ಕೂತು ಮೂಗರಳಿಸಿದರು.

“ನಡುಕವೇನೋ ನಿಂತಿದೆ. ಆದರೆ ಇದೇನಯ್ಯ, ರೊಟ್ಟಿ ಸುಟ್ಟ ವಾಸನೆ?”

“ಕುದ್ರೆ ಆಗಿದ್ರೆ ಲದ್ದಿ ವಾಸ್ನೆ ಬತ್ತಿತ್ತು ಬುದ್ಧಿ,” ಎಂದು ಚೆಲುವಯ್ಯ ಮೋಟಾರು ಹೊರಡಿಸಿಯೇಬಿಟ್ಟ.