ಜಾಲರಿಯ ಇನ್ನೊಂದು ತುದಿ

ಗ್ರೀನ್‌ಫರ್ಡಿನ ಬಸ್ ಸ್ಟಾಪಿನಲ್ಲಿ ವಯಸ್ಸಾದ ಒಬ್ಬರು ತಂತಿ ಜಾಲರಿಯ ಸುರುಳಿಯನ್ನು ಕಾಲಿಗೆ ಒರಗಿಸಿಕೊಂಡು ಸುಧಾರಿಸಿಕೊಳ್ಳುತ್ತಿದ್ದರು. ಬಸ್ಸಿಗೆ ಬಂದ ಪರಿಚಯದ ಹೆಂಗಸೊಬ್ಬರು ಕನ್ನಡದಲ್ಲಿ ಮಾತಾಡಿಸಿದರು.

“ಇದೇನು ವೆಂಕಪ್ಪ ಅಂಕಲ್, ಕೋಳಿ ಸಾಕ್ತೀರಾ?”

“ಬೀವರ್ ತಡೆಯೋಕೆ ಬೇಲಿ, ಪ್ರಫುಲ್ಲಾ. ಹಳೇದು ತುಕ್ಕು ಹಿಡಿದು ಮುರಿದಿದೆ. ಹೊಳೆಯಿಂದ ಹತ್ತಿ ಬಂದು ನಾನು ಬಾಡಿಗೆಗೆ ಹಿಡಿದಿರೋ ಅಲಾಟ್‌ಮೆಂಟ್ ತೋಟದಲ್ಲಿದ್ದ ಮುಸುಕಿನ ಜೋಳ ಅರ್ಧ ಕಡಿದು ಎಳ್ಕೊಂಡು ಹೋಗಿದೆ.”

“ಅದು ಮರ ಕಡಿಯೋ ಪ್ರಾಣಿ ಅಲ್ವಾ?”

“ಎಳೇ ಜೋಳ ಇರೋವಾಗ ಮರ ಯಾಕೆ ಕಡಿಯುತ್ತೆ?”

“ಇವತ್ತೇ ಕಟ್ತೀರಾ?”

“ಒಬ್ಬನ ಕೈಲಿ ಆಗಲ್ಲಮ್ಮ. ಇನ್ನೊಂದು ತುದಿ ಯಾರಾದ್ರೂ ಎಳೆದು ಹಿಡೀಬೇಕು. ಸಡಿಲ ಬಿಟ್ರೆ ಅಡೀಲೇ ನುಗ್ಗುತ್ತೆ.”

“ಹಳೇ ಬೇಲಿಗೆ ಯಾರು ಹಿಡಿದಿದ್ರು?”

“ನಿಮ್ಮ ಆಂಟಿ. ಆಗ ಇದ್ಳಲ್ಲ.”

ಹೆಂಗಸು ಬಸ್ ಬರುವ ದಿಕ್ಕಿಗೆ ನೋಡಿದರು.

“ನಮ್ಮ ಕನ್ನಡ ಗ್ರೂಪಲ್ಲಿ ಮೆಸೇಜ್ ಹಾಕಿ ಅಂಕಲ್. ಯಾರಾದ್ರೂ ಬಂದೇ ಬರ್ತಾರೆ.”

“ಸೋಮವಾರವೇ ಹಾಕಿದೆ. ಹದಿನೇಳು ಜನ ಹೆಬ್ಬೆರಳು ಎತ್ತಿದ್ದಾರೆ. ನೀನೂ ಎತ್ತಿದ್ದೀಯ.”

ಬಸ್ ಬಂತು. ಹೆಂಗಸು “ಫೋನ್ ಮಾಡ್ತೀನಿ ಅಂಕಲ್” ಎನ್ನುತ್ತಾ ಹತ್ತಿದರು.

ವೆಂಕಪ್ಪ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಹೊಳೆಯ ಕಡೆಗೆ ನಡೆದರು.