ಕಲ್ನಾರಿನ ಮಾಡು ಇಳಿಸಿದವರಿಗೆ

ಈ ಸಭೆಯ ಅಧ್ಯಕ್ಷತೆ ವಹಿಸಿರುವ, ನಮ್ಮ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಮುಖ್ಯಸ್ಥರೂ ನನ್ನ ಬಾಲ್ಯದ ಗೆಳೆಯರೂ ಆದ ಎಡ್ಮುಂಡ್ ಅವರೇ, ಮುಂದಿನ ಸಾಲಿನಲ್ಲಿ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಪೂಜ್ಯ ಪಾದ್ರಿಗಳೇ, ಇಂದಿನ ಸನ್ಮಾನಕ್ಕೆ ಪಾತ್ರರಾದ ಶ್ರೀಮತಿ ರೆಗಿನಾ ಅವರೇ, ಅವರ ತಂಡದ ಮಿತ್ರರೇ, ಒಳಗೆ ಆಲೂಗಡ್ಡೆ ಕಡುಬು ಬೇಯಿಸುತ್ತ ಬಾಗಿಲ ಸಂದಿಯಿಂದ ಕಿವಿಗೊಟ್ಟಿರುವ ಮಹಿಳಾ ಮಂಡಳಿಯವರೇ, ಮತ್ತು ಲಿಪೊವೊ ಗ್ರಾಮದ ನನ್ನ ಪ್ರೀತಿಯ ಸಭಿಕರೇ,

ಊರ ಮುಖ್ಯಸ್ಥ ಎಂಬ ಕಾರಣಕ್ಕೆ ಈ ಕ್ಸಾವೆರಿಗೆ ಮೈಕು ಕೊಟ್ಟಿದ್ದೀರಿ. ಚುಟುಕಾಗಿ ಮುಗಿಸು ಎಂದು ಎಡ್ಮುಂಡ್ ಹೇಳಿದ್ದಾನೆ. ಕ್ಷಮಿಸಿ, ಹೇಳಿದ್ದಾರೆ. ಅಧ್ಯಕ್ಷರ ಕುರ್ಚಿಯಲ್ಲಿ ಕೂತವರನ್ನು ಏಕವಚನದಲ್ಲಿ ಕರೆಯಬಾರದು ಎಂದು ಮಹಿಳಾ ಮಂಡಳಿಯವರು ಬೆಳಿಗ್ಗೆಯೇ ನನಗೆ ಪಾಠ ಮಾಡಿದ್ದಾರೆ.

ಸಭಿಕರೇ, ನಾವು ಇಂದು ಯಾರಿಗೆ ಸನ್ಮಾನ ಮಾಡುತ್ತಿದ್ದೇವೆ? ಕಟ್ಟಿದವರಿಗಲ್ಲ, ಕೆಡವಿದವರಿಗೆ. ಒಂದು ಕಾಲದಲ್ಲಿ ನಮ್ಮ ಪೋಲೆಂಡಿನ ಯಾವ ಹಳ್ಳಿಗೆ ಹೋದರೂ ತಲೆಯ ಮೇಲೆ ಅದೇ ಬೂದುಬಣ್ಣದ ಆಸ್ಬೆಸ್ಟಾಸ್ ಶೀಟಿನ ಮಾಡು. ಮನೆಗೂ ಅದೇ, ಕೊಟ್ಟಿಗೆಗೂ ಅದೇ. ಕಲ್ಲಿನಿಂದ ತೆಗೆದ ನಾರು, ಬೆಂಕಿ ತಾಗದು, ಹುಳ ಹಿಡಿಯದು ಎಂದರು. ನಮ್ಮ ಎದೆಗೂಡಿಗೆ ಏನಾದೀತು ಎಂದು ಮಾತ್ರ ಯಾರೂ ಹೇಳಲಿಲ್ಲ. ಆ ನಾರು ಧೂಳಾಗಿ ಹಾರಿ ಒಳಗೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ ಎಂದು ನಮಗೆ ತಿಳಿಯುವಷ್ಟರಲ್ಲಿ ಚರ್ಚಿನ ಹಿಂದಿನ ಸ್ಮಶಾನ ಬೇಲಿಯವರೆಗೆ ಬೆಳೆದಿತ್ತು.

ರೆಗಿನಾ ಅವರ ತಂಡ ಮೊದಲ ಸಲ ನಮ್ಮೂರಿಗೆ ಬಂದ ದಿನ ನಿಮಗೆ ನೆನಪಿದೆಯೇ? ನೀರು ಹಾಕಿ ನೆನೆಸಿಯೇ ಶೀಟು ಇಳಿಸಬೇಕು, ಒದ್ದೆಯಾದರೆ ಧೂಳು ಏಳುವುದಿಲ್ಲ ಎಂದು ಅವರು ಹೇಳಿದ್ದೇ ತಡ, ನಮ್ಮ ಅಗ್ನಿಶಾಮಕ ದಳದ ಕಿವಿ ನೆಟ್ಟಗಾಯಿತು. ನೀರೆಂದ ಮೇಲೆ ನಮ್ಮನ್ನು ಬಿಟ್ಟರೆ ಯಾರಿದ್ದಾರೆ? ಹೊಸ ಪಂಪು ಬಂದಿತ್ತು, ಊರಿನಲ್ಲಿ ಎಲ್ಲೂ ಬೆಂಕಿ ಬಿದ್ದಿರಲಿಲ್ಲ, ಪಾಪ, ಎಡ್ಮುಂಡ್‌ಗೆ ಕೈ ತುರಿಸುತ್ತಿತ್ತು. ಅವರದೇ ಕೊಟ್ಟಿಗೆಯ ಎದುರು ಕೆಂಪು ಗಾಡಿ ನಿಲ್ಲಿಸಿ ಪೈಪು ಬಿಟ್ಟರು ನೋಡಿ! ಮಾಡಿನ ಮೂಲೆ ಚೂರುಚೂರಾಗಿ ಹಾರಿತು. ನಾವು ಚಪ್ಪಾಳೆ ತಟ್ಟಿದೆವು.

ಆಗ ಬಿಳಿ ಉಡುಪಿನ ಒಬ್ಬ ಹೆಂಗಸು ಓಡಿಬಂದು ಪೈಪಿನ ಎದುರೇ ನಿಂತರು.

"ನಿಲ್ಸ್ರೀ! ಎಲ್ಲಿ ಬೆಂಕಿ ಬಿದ್ದಿದೆ ಅಂತ ಹೀಗೆ ಹೊಡೀತಿದ್ದೀರಿ?"

"ನೀರು ಹಾಕ್ಬೇಕು ಅಂದ್ರಲ್ಲಮ್ಮ, ಹಾಕಿದ್ವಿ" ಎಂದರು ಎಡ್ಮುಂಡ್.

"ಮಗೂಗೆ ಹಾಲು ಕುಡಿಸಿ ಅಂದ್ರೆ ಹಂಡೇಲಿ ಮುಳುಗಿಸ್ತೀರಾ? ಇಷ್ಟು ಜೋರಾಗಿ ಹೊಡೆದ್ರೆ ಶೀಟು ಒಡೆಯುತ್ತೆ, ನಾರೆಲ್ಲ ಊರಿಗೆ ಹರಡುತ್ತೆ. ದೂರ ಹೋಗಿ ಎಲ್ರೂ! ಆ ನಗ್ತಿರೋ ಮೀಸೆಯವರಿಗೂ ಹೇಳ್ತಿರೋದು!"

ಆ ಮೀಸೆಯವನು ನಾನು, ಆ ಬಿಳಿ ಉಡುಪಿನವರು ರೆಗಿನಾ. ಅಂದು ಸಂಜೆಯವರೆಗೆ ಅವರ ತಂಡ ಎಡ್ಮುಂಡ್ ಅಂಗಳದಲ್ಲಿ ಮಂಡಿಯೂರಿ ಒದ್ದೆ ಚೂರುಗಳನ್ನು ಹೆಕ್ಕಿತು. ಮರುದಿನ ಸರಿಯಾದ ಕ್ರಮವನ್ನು ಬೇಲಿಯಾಚೆ ನಿಂತು ನೋಡಿದೆವು. ನೆಲಕ್ಕೆಲ್ಲ ಪ್ಲಾಸ್ಟಿಕ್ ಹಾಸಿದರು. ನೀರಿಗೆ ಒಂದಿಷ್ಟು ಸೋಪಿನಂಥ ದ್ರಾವಣ ಬೆರೆಸಿದರು, ಬರಿಯ ನೀರು ಜಾರಿಹೋಗುತ್ತದಂತೆ. ಇಸ್ತ್ರಿ ಮಾಡುವ ಮುಂಚೆ ಬಟ್ಟೆಗೆ ಚಿಮುಕಿಸುತ್ತೇವಲ್ಲ, ಅಷ್ಟೇ ಮೆತ್ತಗೆ ಮೇಲಿಂದ ಸಿಂಪಡಿಸಿದರು. ಆಮೇಲೆ ಕಾದರು. ಶೀಟು ನೀರು ಕುಡಿದು ಕಪ್ಪಾದ ಮೇಲೆ ಮೊಳೆ ಸಡಿಲಿಸಿ, ಒಡೆಯದೆ ಇಡಿಯಾಗಿ ಎತ್ತಿ, ಅಡಿಭಾಗಕ್ಕೂ ಸಿಂಪಡಿಸಿ, ಕೈಯಿಂದ ಕೈಗೆ ಇಳಿಸಿ, ಒದ್ದೆ ಇರುವಾಗಲೇ ಸುತ್ತಿ ಕಟ್ಟಿದರು. ಗಾಳಿ ಎದ್ದರೆ ಕೆಲಸ ಬಂದ್. ಒಂದು ಶೀಟೂ ಎಸೆಯಲಿಲ್ಲ. ಇಷ್ಟು ನಿಧಾನವಾಗಿ ಮಾಡು ಕೆಡವುವವರನ್ನು ನಾನು ನೋಡಿರಲಿಲ್ಲ. ನಿಜ ಹೇಳಬೇಕೆಂದರೆ, ನಾವು ಕಟ್ಟಿದ್ದೂ ಇಷ್ಟು ಜೋಪಾನವಾಗಿ ಅಲ್ಲ.

ನಮ್ಮ ಮನೆಯ ಮಾಡು ಹೊದಿಸಿದ್ದು ನಾನು ಮತ್ತು ನನ್ನ ಹೆಂಡತಿ ಲುತ್ಸ್ಯಾ, ಮದುವೆಯಾದ ಹೊಸತರಲ್ಲಿ. ಹಳೆಯ ಹುಲ್ಲಿನ ಮಾಡು ಕಿತ್ತೆಸೆದು ಶೀಟು ಹಾಕುವುದೆಂದರೆ ಆಗ ದೊಡ್ಡಸ್ತಿಕೆ. ನಾನು ಮೇಲೆ, ಅವಳು ಕೆಳಗೆ. ಗರಗಸ ಹಿಡಿದು ಶೀಟು ಕೊಯ್ದವಳು ಅವಳೇ, ಏಕೆಂದರೆ ನನಗೆ ನೇರವಾಗಿ ಕೊಯ್ಯಲು ಬರುತ್ತಿರಲಿಲ್ಲ. ಬಿಳಿ ಧೂಳು ಅವಳ ಹುಬ್ಬಿಗೆ, ಕೂದಲಿಗೆ. "ನೋಡೋ ಕ್ಸಾವೆರಿ, ಈಗ್ಲೇ ಮುದುಕಿ ಆಗ್ಬಿಟ್ಟೆ" ಎಂದು ನಗುತ್ತಿದ್ದಳು.

ಮುದುಕಿ ಆಗಲಿಲ್ಲ. ಕೆಮ್ಮು ಬಂತು, ಮೆಟ್ಟಿಲು ಹತ್ತಲಾರದಾದಳು, ಹೋದಳು. ಅದು ಆ ಧೂಳಿನದೇ ಎಂದು ವೈದ್ಯರು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ನನಗೆ ಗೊತ್ತು.

ಈಗ ನೀವು ಕೇಳುತ್ತೀರಿ, ಊರಿಗೆಲ್ಲ ಬುದ್ಧಿ ಹೇಳಿದ ಮುಖ್ಯಸ್ಥನ ಮನೆಯ ಮೇಲೆ ಇನ್ನೂ ಅದೇ ಶೀಟು ಯಾಕಿದೆ? ಆಲಿಕಲ್ಲು ಬಿದ್ದು ಸೀಳಿದೆ, ಅಂಚು ಉದುರುತ್ತಿದೆ, ಆದರೂ ಯಾಕಿದೆ? "ಪಾಪ, ಹೆಂಡ್ತಿ ಕೈಯಾರೆ ಕೊಯ್ದಿದ್ದು, ಇಳಿಸೋಕೆ ಮನಸ್ಸು ಬರ್ತಿಲ್ಲ" ಎಂದು ನೀವೆಲ್ಲ ಅಂದುಕೊಂಡಿರಿ. ಪಾದ್ರಿಗಳೂ ನನ್ನ ಭುಜ ತಟ್ಟಿದರು. ನಾನು ತಲೆಯಾಡಿಸಿದೆ. ತಂಡ ಬಂದ ಮೊದಲ ಬೇಸಿಗೆಯಲ್ಲಿ ಅದು ನಿಜವೂ ಆಗಿತ್ತು.

ಆದರೆ ತಂಡದ ಟ್ಯಾಂಕಿಗೆ ನೀರು ತುಂಬುತ್ತಿದ್ದುದು ನನ್ನ ಬಾವಿಯಿಂದ. ದಿನಾ ಬೆಳಿಗ್ಗೆ ಪಂಪು ಓಡುವಾಗ ರೆಗಿನಾ ಅವರು ನಮ್ಮ ಜಗುಲಿಯಲ್ಲಿ ಕೂತು ಒಂದು ಲೋಟ ಚಹಾ ಕುಡಿಯುತ್ತಿದ್ದರು. ಅವರು ನನ್ನ ಹಾಗೆಯೇ ಒಂಟಿ. ನಾನು ಅವರನ್ನು ಶೀಟು ಇಳಿಸಲು ಮೊದಲು ಶಾಲೆಗೆ ಕಳಿಸಿದೆ. ಆಮೇಲೆ ಗಿರಣಿಗೆ. ಆಮೇಲೆ ಎಲ್ಲರ ಕೊಟ್ಟಿಗೆಗೆ, ಕೋಳಿಗೂಡಿಗೆ. ಕೊನೆಗೆ ಪೋಸ್ಟ್‌ಮನ್ನನ ನಾಯಿಗೂಡಿನ ಮೇಲೆ ಒಂದು ತುಂಡು ಇದೆ ಎಂದು ನಾನೇ ಹುಡುಕಿ ತೋರಿಸಿದೆ. ನನ್ನ ಮಾಡು ಇಳಿದರೆ ಊರಲ್ಲಿ ಅವರಿಗೆ ಕೆಲಸ ಮುಗಿಯಿತಲ್ಲ... ಅಯ್ಯೋ, ಇದನ್ನೆಲ್ಲ ಹೇಳಬೇಕೆಂದು ಬಂದಿರಲಿಲ್ಲ. ಒಳಗೆ ನಗುತ್ತಿರುವವರು ಕಡುಬು ತಳ ಹಿಡಿಯದಂತೆ ನೋಡಿಕೊಳ್ಳಬೇಕಾಗಿ ವಿನಂತಿ.

ಕಳೆದ ವಾರ ಅವರು ಚಹಾ ಅರ್ಧಕ್ಕೇ ಇಟ್ಟರು.

"ಮುಖ್ಯಸ್ಥರೇ, ನಾಯಿಗೂಡೂ ಮುಗೀತು. ಇನ್ನು ನಿಮ್ದೊಂದೇ. ಇಳಿಸೋದೋ ಬೇಡ್ವೋ?"

"ಮುಂದಿನ ವರ್ಷ ನೋಡೋಣ ಬಿಡಿ" ಎಂದೆ.

"ಮುಂದಿನ ವರ್ಷ ನಾನಿಲ್ಲಿ ಇರಲ್ಲ, ನಮಗೆ ಬೇರೆ ಜಿಲ್ಲೆ ಕೊಟ್ಟಿದ್ದಾರೆ. ನನ್ನ ಗಂಡ ಕಾರ್ಖಾನೇಲಿ ಇದೇ ಶೀಟು ತಯಾರಿಸ್ತಿದ್ದ. ಅವನ ಹೆಸ್ರು ಚರ್ಚಲ್ಲಿ ಸತ್ತವರ ಪಟ್ಟೀಲಿ ಓದಿದ್ದನ್ನ ಕೇಳಿದ್ದೀನಿ. ಇನ್ನೊಬ್ಬರ ಹೆಸ್ರನ್ನೂ ಕೇಳು ಅಂತೀರಾ? ನನ್ ಕೈಲಾಗಲ್ಲ ಕ್ಸಾವೆರಿ."

ಮುಖ್ಯಸ್ಥರೇ ಎನ್ನುತ್ತಿದ್ದವರು ಕ್ಸಾವೆರಿ ಎಂದರು. ಸಭಿಕರೇ, ಆಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ನಾನೆಂಥ ದಡ್ಡ! ಒಬ್ಬಳನ್ನು ತಿಂದ ಮಾಡನ್ನು ಇನ್ನೊಬ್ಬರನ್ನು ಉಳಿಸಿಕೊಳ್ಳಲು ತಲೆಯ ಮೇಲೆ ಇಟ್ಟುಕೊಂಡಿದ್ದೆ. ಲುತ್ಸ್ಯಾ ಇದ್ದಿದ್ದರೆ ಪೊರಕೆ ತೆಗೆದುಕೊಳ್ಳುತ್ತಿದ್ದಳು.

ಆದ್ದರಿಂದ ಈ ವೇದಿಕೆಯಿಂದ ಘೋಷಿಸುತ್ತೇನೆ. ರೆಗಿನಾ ಅವರೇ, ಸೋಮವಾರ ಬನ್ನಿ. ಗಾಳಿ ಇಲ್ಲದಿದ್ದರೆ ಇಳಿಸಿಬಿಡಿ. ಬಡಗಿಗಳಿಗೂ ಹೇಳಿದ್ದೇನೆ.

ಕೊನೆಯದಾಗಿ ಒಂದು ಮಾತು. ಹೊಸ ಮಾಡಿನ ತೊಲೆ ಏರಿದ ದಿನ ತುದಿಗೆ ಹಸಿರು ಸೊಪ್ಪಿನ ಮಾಲೆ ಕಟ್ಟಿ, ಬಡಗಿಗಳನ್ನು ಕೂರಿಸಿ ಊಟ ಹಾಕುವುದು ನಮ್ಮ ಪದ್ಧತಿ. ಹಳೆಯದನ್ನು ಇಳಿಸಿದವರನ್ನು ಇಲ್ಲಿಯವರೆಗೆ ಯಾರು ಕರೆದಿದ್ದಾರೆ? ಯಾರೂ ಇಲ್ಲ. ಈ ಸಲ ನನ್ನ ಪಕ್ಕದ ಕುರ್ಚಿ ಅವರದು. ರೆಗಿನಾ ಅವರು ಆ ಹೊತ್ತಿಗೆ ಬೇರೆ ಜಿಲ್ಲೆಯಲ್ಲಿರುತ್ತಾರೆ, ಅದು ನನಗೂ ಗೊತ್ತು. ನಾನೇ ಕಾರು ತಂದು ಕರೆದುಕೊಂಡು ಬರುತ್ತೇನೆ. ವಾಪಸ್ ಬಿಟ್ಟುಬರುವ ವಿಷಯದಲ್ಲಿ ಮಾತ್ರ ನನಗೆ ಯಾವ ಆತುರವೂ ಇಲ್ಲ.

ಅಧ್ಯಕ್ಷರಿಗೆ, ಪಾದ್ರಿಗಳಿಗೆ, ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲ ನಾನು ಕೃತಜ್ಞ. ರೆಗಿನಾ ಅವರೇ, ನಿಮಗೆ ಈ ಊರಿನ ಪರವಾಗಿಯೂ, ನನ್ನ ಪರವಾಗಿಯೂ, ನಮಸ್ಕಾರ.